ಮೂರು ತಾಸಿನ ದೂರ

"ಅಪ್ಪನ ದನಿಯಾಗ ಎರಡು ಮಾತು ಆಡಿಬಿಡೋ ಕಲ್ಲೇಶ," ಗುರುಸಿದ್ದಪ್ಪ ಮಾವ ಫೋನನ್ನು ಅಂಗೈಯಿಂದ ಮುಚ್ಚಿ ಪಿಸುಗುಟ್ಟಿದರು. "ಆಕಿ ನಂಬವಲ್ಲಳು."

ಸನತ್‌ನಗರದ ಆ ಮನೆಯ ಹಿತ್ತಲ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ಪಡಸಾಲೆಯಲ್ಲಿ ತೀರಿಹೋದ ಅಪ್ಪ ಅಮೃತಪ್ಪನವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ ಆಗಿತ್ತು. ಮಾವನ ಕೈಸನ್ನೆಗೆ ಭಜನೆಯವರ ತಾಳ ಬಾಯಿ ಮುಚ್ಚಿಕೊಂಡಿತ್ತು.

ಫೋನಿನ ಆ ತುದಿಯಲ್ಲಿ, ಗುವಾಹಟಿಯ ವಿಮಾನ ನಿಲ್ದಾಣದಲ್ಲಿ, ಕಲ್ಲೇಶನ ತಂಗಿ ಲಹರಿ. ಅಲ್ಲಿಯ ಬ್ಯಾಂಕಿನಲ್ಲಿ ಕೆಲಸ. ರೈಲಾದರೆ ಎರಡು ದಿನದ ದಾರಿ, ವಿಮಾನಕ್ಕೆ ಮೂರು ತಾಸು. ಮಧ್ಯಾಹ್ನ ಇಳಿದರೆ ಹೊತ್ತು ಮುಳುಗುವ ಮೊದಲು, ಮಣ್ಣಿಗಿಡುವ ಮೊದಲು, ಮುಖ ನೋಡಬಹುದು. ದೂರದವರಿಗೆ ಸಾವಿನ ಸುದ್ದಿ ಹೇಳಬಾರದು, 'ಸೀರಿಯಸ್' ಎಂದಷ್ಟೇ ಹೇಳಿ ಕರೆಸಬೇಕು ಎಂಬುದು ಮನೆತನದ ಪದ್ಧತಿ. ಹೋದವರು, ಮಗಳು ಹೊಸ್ತಿಲು ತುಳಿಯುವವರೆಗೂ ಸೀರಿಯಸ್ಸಾಗಿಯೇ ಇರಬೇಕು.

"ಮೂರು ತಾಸು ಒಬ್ಬಾಕಿ ಆಕಾಶದಾಗ ಅಳಕೋತ ಬರಬೇಕೇನು?" ಎಂದರು ಮಾವ. "ಕಾಲೇಜಿನಾಗ ಮಿಮಿಕ್ರಿ ಮಾಡಿ ಕಪ್ ತಂದವ ನೀನು. ಹ್ಞೂಂ, ಮಾಡು."

ಅಪ್ಪನ ದನಿ ಕಲ್ಲೇಶನಿಗೆ ಹಳೇ ಅಂಗಿಯಷ್ಟು ಸಲೀಸು. ಕಾರ್ಖಾನೆಯ ಗದ್ದಲ ಮೀರಿ ಮಾತಾಡಿ ಗಡಸಾದ ಗಂಟಲು, ಮಾತಿಗೆ ಮುಂಚೆ ಒಂದು ಒಣಕೆಮ್ಮು. ಹಬ್ಬಕ್ಕೊಮ್ಮೆ ಮಾಡಿ ತೋರಿಸಿದರೆ ಮೊದಲು ನಗುತ್ತಿದ್ದವರು ಅಪ್ಪನೇ. ಅವನು ಫೋನ್ ತೆಗೆದುಕೊಂಡು ಕೆಮ್ಮಿದ. ಪಡಸಾಲೆಯಲ್ಲಿ ಯಾರೋ ಬೆಚ್ಚಿ ಕತ್ತೆತ್ತಿದರು.

"ಏನವ್ವಾ ಲಹರಿ, ಸುಮ್ನ ಯಾಕ ಪರೇಶಾನ್ ಆಗಾಕತ್ತೀ? ನಾ ಇಲ್ಲೇ ಕುಂತೀನಲ್ಲ."

ಆ ಕಡೆಯ ಅಳು ನಗುವಾಗಿ ಒಡೆಯಿತು. "ಅಪ್ಪಾ! ಎದ್ದು ಕುಂತೀಯೇನು? ರಾತ್ರಿಯಿಂದ ಜೀವ ಕೈಯಾಗ ಹಿಡಕೊಂಡೀನಿ. ಹಂಗಾದ್ರ ಕೇಳು, ನಾಳೆ ಬ್ಯಾಂಕಿನಾಗ ಆಡಿಟ್ ಐತಿ. ಟಿಕೀಟ್ ಕ್ಯಾನ್ಸಲ್ ಮಾಡಿ ಶನಿವಾರ ಬರ್ತೀನಿ. ನಾಲ್ಕು ದಿನ ಆರಾಮ ಇರ್ತೀನಿ."

ಕಲ್ಲೇಶ ಫೋನನ್ನು ಕಿವಿಗೆ ಒತ್ತಿಕೊಂಡ. "ಬ್ಯಾಡವ್ವಾ, ಇವತ್ತ ಬಾ." ಗಾಬರಿಯಲ್ಲಿಯೂ ಬಂದದ್ದು ಅಪ್ಪನ ದನಿಯೇ.

"ನೀನೂ ಅಪ್ಪಾ, ಸಣ್ಣ ಹುಡುಗರಂಗ! ಗುಳಿಗಿ ತೊಗೊಂಡು ಮಲ್ಕೋ. ಇಡ್ತೀನಿ."

ಕಲ್ಲೇಶ ಮತ್ತೆ ಮತ್ತೆ ಫೋನ್ ಒತ್ತಿದ. ರಿಂಗಾಗುತ್ತಿತ್ತು, ಅವಳು ಎತ್ತಲಿಲ್ಲ. ಕೊನೆಗೆ ಎತ್ತಿದಾಗ ಹಿಂದೆ ಹಾರ್ನುಗಳ ಗದ್ದಲ.

"ಟ್ಯಾಕ್ಸಿಯಾಗ ಅದೀನಿ ಅಣ್ಣಾ, ಬ್ಯಾಗಿನಾಗಿತ್ತು ಫೋನು. ವಿಮಾನ ಇಷ್ಟೊತ್ತಿಗೆ ಹಾರಿರಬೇಕು. ಯಾಕ?"

ಮಾವ ಬೇಡ ಬೇಡವೆಂದು ಕೈಯಾಡಿಸಿದರು. ಕಲ್ಲೇಶ ಗೋಡೆಯ ಕಡೆ ತಿರುಗಿದ.

"ಲಹರಿ, ಆಗ ಮಾತಾಡಿದವ ನಾನ. ಅಪ್ಪ ನಿನ್ನೆ ಸಂಜೀಕ ಹೋದ."

ಹಾರ್ನುಗಳ ಗದ್ದಲದ ನಡುವೆ ಅವಳು, "ಅಪ್ಪಗ ಫೋನ್ ಕೊಡು," ಎಂದಳು.

"ಲಹರೀ..."

"ನಿನ್ನ ಜೋಡಿ ಮಾತಾಡೂದಿಲ್ಲ ನಾ. ಅಪ್ಪಗ ಕೊಡು."

ಕಲ್ಲೇಶ ಪಡಸಾಲೆಗೆ ಬಂದ. ಕೂತವರು ಸರಿದು ದಾರಿ ಬಿಟ್ಟರು. ಅವನು ಮೊಣಕಾಲೂರಿ, ಹಾರವನ್ನು ತುಸು ಸರಿಸಿ, ಫೋನನ್ನು ಅಪ್ಪನ ಕಿವಿಗೆ ಹಿಡಿದ. ಅಲ್ಲೆಲ್ಲೋ ಟ್ಯಾಕ್ಸಿ ತಿರುಗುತ್ತಿರಬೇಕು. ಇಂಡಿಕೇಟರಿನ ಟಿಕ್ ಟಿಕ್ ಆ ತಣ್ಣನೆಯ ಕಿವಿಯ ಬಳಿ ಸಣ್ಣಗೆ ಕೇಳುತ್ತಿತ್ತು.