ಆರ್ಲೆನ್ ನಂಬಿದ ಹಿಮಗಾಳಿ

"ಮಧ್ಯಾಹ್ನದೊಳಗೆ ಭಾರಿ ಹಿಮಗಾಳಿ, ಯಾರೂ ಹೊರಗೆ ಹೊರಡಬೇಡಿ" ಎಂದು ರೇಡಿಯೋ ಹೇಳಿದಾಗ ಮಾರ್ಲಿಸಳ ಕಾಫಿ ಅಂಗಡಿಯಲ್ಲಿ ಕೂತವರೆಲ್ಲ ಆರ್ಲೆನ್ ಸ್ಕೂಗ್‌ನ ಕಡೆ ತಿರುಗಿದರು. ಉತ್ತರ ಡಕೋಟಾದ ಆ ಬಯಲಿನಲ್ಲಿ ಎಪ್ಪತ್ತು ಚಳಿಗಾಲ ಕಂಡವನು ಅವನು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಹವೆ ಹೇಳುವವರನ್ನು ಅವನಷ್ಟು ಚೆನ್ನಾಗಿ ಆಡಿಕೊಳ್ಳುವವರು ಬೇರೆ ಇರಲಿಲ್ಲ.

"ಏನಜ್ಜ, ಈ ಸಲಾನೂ ಬರೀ ಸಕ್ಕರೆ ಉದುರುತ್ತೇನು?" ಎಂದ ಟ್ರ್ಯಾಕ್ಟರ್ ರಿಪೇರಿಯ ಗೇಲನ್.

ಅದು ಆರ್ಲೆನ್‌ನದೇ ಮಾತು. ಹೋದ ವರ್ಷದ ಜನವರಿಯಲ್ಲಿ ಇಂಥದೇ ಎಚ್ಚರಿಕೆ ಕೇಳಿ ನೆರೆಮನೆಯ ಡೆಲ್ಮರ್ ಹೊರಡಲೋ ಬೇಡವೋ ಎಂದು ಅನುಮಾನಿಸಿದಾಗ, "ಹಿಮ ಏನಿಲ್ಲ, ಸಕ್ಕರೆ ಉದುರುತ್ತೆ ಅಷ್ಟೇ, ಹೋಗ್ಬಾರೋ ಪುಕ್ಕಲ" ಎಂದಿದ್ದ. ಡೆಲ್ಮರ್ ನಗುತ್ತಲೇ ದನಗಳಿಗೆ ಮೇವು ತರಲು ಹೋದ. ಎರಡು ದಿನ ಬೀಸಿ ಗಾಳಿ ನಿಂತ ಮೇಲೆ, ಇಬ್ಬರ ಮನೆಗಳ ನಡುವಿನ ತಿರುವಿನಲ್ಲಿ ಹಿಮದಡಿ ಅವನ ಟ್ರಕ್ಕು ಸಿಕ್ಕಿತು. ಡೆಲ್ಮರ್ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಸೀಟಿನಲ್ಲೇ ಮರಗಟ್ಟಿ ಸತ್ತಿದ್ದ.

ಆರ್ಲೆನ್ ಎದ್ದು, ಮೇಜಿನ ಮೇಲಿದ್ದ ಗೇಲನ್‌ನ ಟ್ರಕ್ಕಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. "ಯಾರೂ ಹೊರಡ್ಬೇಡಿ" ಎಂದ.

ಯಾರೂ ನಗಲಿಲ್ಲ. ಮಾರ್ಲಿಸ್ ಇನ್ನೊಂದು ಸುತ್ತು ಕಾಫಿ ಬಗ್ಗಿಸಿದಳು. ಹನ್ನೆರಡಾಯಿತು, ಎರಡಾಯಿತು. ಆಕಾಶ ತೊಳೆದಿಟ್ಟ ತಟ್ಟೆಯಂತೆ ನೀಲಿಯಾಗಿಯೇ ಇತ್ತು. ಕೊನೆಗೆ ಗೇಲನ್ ಕೀಲಿಗಾಗಿ ಕೈ ಚಾಚಿದ. ಆರ್ಲೆನ್ ಕೀಲಿ ಕೊಟ್ಟು ನೇರ ಡೆಲ್ಮರನ ಹೆಂಡತಿ ಇನೆಜಳ ಮನೆಗೆ ಹೋದ.

ಅವಳೂ ಹಿಮಗಾಳಿಯನ್ನು ಕಾಯುತ್ತಿದ್ದಳು. ಸೌದೆ ಒಳಗೆ ಬಂದಿತ್ತು, ಪಾತ್ರೆಗಳಲ್ಲೆಲ್ಲ ನೀರು ತುಂಬಿತ್ತು.

"ಬರ್ಲಿಲ್ಲ ನೋಡು" ಎಂದಳು.

"ಇನೆಜ್, ಒಂದು ಮಾತು ಹೇಳ್ಬೇಕು." ಅವನು ಕೂರಲಿಲ್ಲ. "ಅವತ್ತು ನಂಗೆ ಹಾರ್ನ್ ಕೇಳಿಸ್ತು. ತಿರುವಿನ ಕಡೆಯಿಂದ, ತುಂಬಾ ಹೊತ್ತು. ಕೋಟು ಹಾಕ್ಕೊಂಡೆ. ಆಮೇಲೆ, ಗಾಳಿ ಇರ್ಬೇಕು ಅಂತ ಬಿಚ್ಚಿಟ್ಟೆ."

ಇನೆಜ್ ತನ್ನ ಅಡುಗೆಯ ಮೇಲಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮೂರು ಉದ್ದ, ಒಂದು ಗಿಡ್ಡ" ಎಂದಳು. "ನಂಗೂ ಕೇಳಿಸ್ತು, ಆರ್ಲೆನ್. ನಾನು ಕೋಟೂ ಹಾಕ್ಕೊಳ್ಳಲಿಲ್ಲ. ನಿನ್ನ ಮಾತು ಕೇಳಿ ಸತ್ತ ಅಂತ ಊರವರು ಅಂದಾಗ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಿನ್ನ ತಲೆ ಮೇಲೇ ಇರ್ಲಿ ಅಂತ."

ಅವನಿಗೆ ಸಿಟ್ಟು ಬರಲಿಲ್ಲ, ಹಗುರವೂ ಆಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಅವಳು ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟಳು. ಇಬ್ಬರೂ ತಿನ್ನಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಎಚ್ಚರಿಕೆ ಬಂತು. ಊರು ನಕ್ಕಿತು. ಆರ್ಲೆನ್ ಬೆಳಿಗ್ಗೆಯೇ ಇನೆಜಳ ಮನೆ ಸೇರಿದ. ಆ ಸಲ ಹಿಮಗಾಳಿ ನಿಜವಾಗಿಯೇ ಬಂದು, ಮಧ್ಯಾಹ್ನಕ್ಕೆ ಕಿಟಕಿಯಾಚೆ ಎಲ್ಲ ಬೆಳ್ಳಗಾಗಿ ಏನೂ ಕಾಣದಾಯಿತು. ಮೂರು ಗಂಟೆಗೆ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು.

"ಹಾರ್ನ್ ಕೇಳಿಸ್ತಾ?"

"ಹ್ಞೂಂ. ನಡಿ."

ಕಂಬದಿಂದ ಕಂಬಕ್ಕೆ ಬೇಲಿ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಿರುವಿನವರೆಗೆ ಹೋದರು. ಅಲ್ಲಿ ಯಾರೂ ಇರಲಿಲ್ಲ. ಹಿಮವನ್ನು ಕೈಯಿಂದ ಬಗೆದೂ ನೋಡಿ, ಹಿಂದಿರುಗಿದರು.