ಎಲುಬು ಮೂತಿ

"ಮೇಡಂ ಬಂದ್ರು ಮೊಲ್ಲಿ ಬಾಯಮ್ಮ. ಫೋಟೋ ಸಹ ತಂದಿದ್ದಾರೆ," ಎಂದು ರಿಸೆಪ್ಷನ್ನಿನ ಸುಕುಮಾರ ಬಾಗಿಲಲ್ಲಿ ನಿಂತು ಹೇಳಿದಾಗ ಮೊಲ್ಲಿ ನಾಯಿಯ ಉಗುರು ಕತ್ತರಿಸುತ್ತಿದ್ದಳು. ಮೂರು ಕಾಲು ಮುಗಿದಿತ್ತು. ನಾಲ್ಕನೆಯದನ್ನು ನಾಯಿ ತಾನಾಗಿಯೇ ಎತ್ತಿ ಕೊಟ್ಟಿತು.

ಗಲ್ಫಿನ ರಾಯ್ ಎಂಬ ಪ್ರದೇಶದ ಈ ಪ್ರಾಣಿಗಳ ಆಸ್ಪತ್ರೆಗೆ ಮೊಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಡಾಕ್ಟರ್ ಸೂಜಿ ಚುಚ್ಚುವಾಗ ಬೆಕ್ಕು, ನಾಯಿ, ಗಿಣಿ ಎಂಬ ಭೇದವಿಲ್ಲದೆ ಹಿಡಿದುಕೊಳ್ಳುವುದು ಅವಳ ಕೆಲಸ. ಮೇಡಂಗಳು ಏನು ಕೇಳಿದರೂ ಇಲ್ಲ ಅನ್ನಬಾರದೆಂಬುದನ್ನು ಮಾತ್ರ ತಾನಾಗಿಯೇ ಕಲಿತಿದ್ದಳು. "ಇನ್ಶಾ ಅಲ್ಲಾಹ್" ಅಂದರೆ ಮುಗಿಯಿತು. ಶಿರ್ವದ ಇಗರ್ಜಿಯಲ್ಲಿ ಜಪಸರ ಹಿಡಿದು ಬೆಳೆದವಳ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ ಕೇಳಿದವರು ನಂಬಿಯೇ ಮನೆಗೆ ಹೋಗುತ್ತಿದ್ದರು.

ಚೀನಾದಿಂದ ಶಾರ್‌ಪೇ ತಳಿಯ ಈ ನಾಯಿಮರಿ ಬಂದಾಗಲೂ ಹಾಗೇ ಆಯಿತು. ಅದನ್ನು ತರಿಸಿದ ಮೇಡಂ ಫೋಟೋದಲ್ಲಿ ಮೆಚ್ಚಿದ್ದು ಮೈತುಂಬ ನೆರಿಗೆ, ಊದಿದ ಮೂತಿಯ ನಾಯಿಯನ್ನು. ಬಂದದ್ದು ಬಿಗಿ ಚರ್ಮದ, ಎಲುಬು ಮೂತಿಯ ನಾಯಿ. ಇದೇ ಹಳೆಯ, ಅಸಲು ಶಾರ್‌ಪೇ. ನೆರಿಗೆಯದ್ದು ಆಮೇಲೆ ಹೊರದೇಶದವರು ಬೆಳೆಸಿದ ಬಗೆ ಎಂದು ಡಾಕ್ಟರ್ ಮೊಲ್ಲಿಗೆ ಹೇಳಿದ್ದರು. ಆದರೂ ಮೇಡಂ ಕೇಳಿದಾಗ ಅವಳು, "ದೊಡ್ಡದಾದಂತೆ ನೆರಿಗೆ ಬರ್ತದೆ, ಇನ್ಶಾ ಅಲ್ಲಾಹ್," ಅಂದುಬಿಟ್ಟಿದ್ದಳು.

ಎಂಟು ತಿಂಗಳು ಕಾದ ಮೇಡಂಗೆ ಈಗ ತಾಳ್ಮೆ ಮುಗಿದಿತ್ತು. ಶುಕ್ರವಾರ ನಾಯಿಗಳ ಪ್ರದರ್ಶನ. ಹೆಂಗಸರ ತುಟಿಗೆ ತುಂಬುವ ಔಷಧವನ್ನೇ ನಾಯಿಯ ಮೂತಿಗೂ ಹಣೆಗೂ ತುಂಬಿಸಬೇಕೆಂದರು. ಡಾಕ್ಟರ್ ಆಗುವುದಿಲ್ಲವೆಂದು ತಲೆಯಾಡಿಸಿದರು. ಮಾಡಲೇಬೇಕೆಂದು ಆಸ್ಪತ್ರೆಯ ಮಾಲೀಕರ ಫೋನ್ ಬಂತು. ಡಾಕ್ಟರ್ ಕೈ ತೊಳೆಯಲು ಹೋದರು.

"ಬರ್ತದೆ ಅಂತ ಹೇಳಿದ್ದು ನಾನೇ ಅಲ್ವಾ ಸುಕುಮಾರಣ್ಣ," ಅಂದಳು ಮೊಲ್ಲಿ. ಅವಳಿಗೆ ನಾಚಿಕೆಯಾಗಿತ್ತು.

"ಹೇಳಿದ್ದು ಹೌದು. ಈಗ ಎಂತ ಮಾಡ್ಲಿಕ್ಕುಂಟು? ವೀಸಾ ಕೊಟ್ಟ ಕಫೀಲೇ ಫೋನ್ ಮಾಡಿದ ಮೇಲೆ ಖಲಾಸ್. ಮಗಳು ರಿಯೋನಾಳ ಟೆಂತ್ ಮುಗಿಯುವವರೆಗೆ ಸುಮ್ನೆ ಇರಿ. ನಿಮ್ಮ ಇಕಾಮಾ ಪರ್ಮಿಟ್ ಹೋದ್ರೆ ಅವಳೂ ಊರಿಗೆ ಹೋಗ್ಬೇಕು."

ಅವನು ಹೇಳಿದ್ದು ಸುಳ್ಳಲ್ಲ. ಆದರೂ ಮೊಲ್ಲಿ ಹೊರಗೆ ಹೋಗಿ ಮೇಡಂ ಮುಂದೆ ನಿಂತಳು. "ಮೇಡಂ, ನೆರಿಗೆ ಬರುವುದಿಲ್ಲ. ಅವತ್ತು ನಾನು ಸುಳ್ಳು ಹೇಳಿದೆ. ಇದೇ ಅಸಲು."

ಮೇಡಂ ಸಿಟ್ಟಾಗಲಿಲ್ಲ. "ಅಸಲು ಅಂತ ಒಬ್ಬೊಬ್ಬರಿಗೂ ಹೇಳುತ್ತಾ ಕೂರಲೇ? ನೋಡಿದ ಕೂಡಲೇ ಗೊತ್ತಾಗಬೇಕು," ಎಂದು ಫೋನಿನತ್ತ ತಿರುಗಿದರು.

ನಾಯಿಯನ್ನು ಮೇಜಿನ ಮೇಲೆ ಕೂರಿಸಿ ಬೆಲ್ಟ್ ಬಿಗಿದಾಯಿತು. ಮೊದಲು ಮಂಪರಿನ ಸೂಜಿ. ಮೊಲ್ಲಿ ಇಲ್ಲದಾಗ ಮುಟ್ಟಿದವರನ್ನು ಕಚ್ಚುವ ನಾಯಿ ಅದು. ಡಾಕ್ಟರ ಕೈಯಲ್ಲೇ ಎರಡು ಗುರುತಿದ್ದವು. "ಹಿಡಿ," ಅಂದರು ಅವರು.

"ನಾನು ಹಿಡಿಯುವುದಿಲ್ಲ ಡಾಕ್ಟರ್," ಎಂದು ಮೊಲ್ಲಿ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದಳು.

ನಾಯಿ ಅಲುಗಾಡಲಿಲ್ಲ. ಅವಳ ಮುಖ ನೋಡುತ್ತಾ, ಹಿಡಿದಾಗ ಕೂರುವಂತೆಯೇ ಕತ್ತು ಚಾಚಿ ಕೂತಿತು. ಡಾಕ್ಟರಿಗೂ ಆಶ್ಚರ್ಯ. "ನೀನು ಅಲ್ಲೇ ನಿಂತರೂ ಸಾಕು," ಎಂದು ಸೂಜಿ ಎತ್ತಿಕೊಂಡು ಬಗ್ಗಿದರು.

ನಾಯಿ ಇನ್ನೂ ಅವಳನ್ನೇ ನೋಡುತ್ತಿತ್ತು. ಅವಳು ಬೆನ್ನು ತಿರುಗಿಸಿ ಕೋಣೆಯಿಂದ ಹೊರಬಿದ್ದು ಬಾಗಿಲೆಳೆದುಕೊಂಡಳು.

ಆಮೇಲೆ ಒಳಗೆ ನಾಯಿ ಗುರ್ರೆಂದಿತು, ಸ್ಟೀಲಿನ ತಟ್ಟೆಯೊಂದು ನೆಲಕ್ಕೆ ಬಿತ್ತು. ಮೇಡಂ ತಲೆ ಎತ್ತಿದರು. ಮೊಲ್ಲಿ ಏಪ್ರನ್ ಬಿಚ್ಚಿ ಮಡಚಿ, ಗಿರಾಕಿಗಳ ಸೋಫಾದಲ್ಲಿ ಮೇಡಂ ಪಕ್ಕದಲ್ಲೇ ಕೂತಳು.