ಅಂಚು ಕೊಯ್ದ ಗೋಲ್‌ಕೀಪರ್

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರು ಗೋಲ್‌ಕೀಪರ್ ಕಾರ್ಡು ಮಾರಾಟಕ್ಕಿದೆ ಎಂದು ಕೇಳಿ, ಅದನ್ನು ನೋಡಲು ಪುಸ್ತಕ ಬೈಂಡಿಂಗ್ ಅಂಗಡಿಗೆ ಬಂದರು. ಹಿಂದೆ ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ ಫುಟ್‌ಬಾಲ್ ಆಟಗಾರರ ಕಾರ್ಡುಗಳಲ್ಲಿ ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಅವರ ಸಂಗ್ರಹಕ್ಕೆ ಅದೊಂದೇ ಬಾಕಿ.

ಬೈಂಡರ್‌ಗೂ ಅದು ಮಾರಾಟವಾಗಲೇಬೇಕಿತ್ತು. ಪುಸ್ತಕದ ಹಾಳೆಗಳನ್ನು ಕೈಯಲ್ಲೇ ಹೊಲಿದು ಹೊಲಿದು ಅವರ ಹೆಂಡತಿಯ ಬೆರಳುಗಳು ಮಡಚಲು ಬಾರದಂತಾಗಿದ್ದವು. ಹೊಲಿಗೆ ಯಂತ್ರ ಕೊಳ್ಳಲು ಬೇರೆ ದಾರಿ ಇರಲಿಲ್ಲ.

ಡಾಕ್ಟರು ಅಂಟಿನ ಡಬ್ಬಿಗಳನ್ನು ಸರಿಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಾರ್ಡನ್ನು ಅಂಚು ಮಾತ್ರ ಹಿಡಿದು ಎತ್ತಿದರು. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರು. ಗೀರಿಲ್ಲ, ಮಡಿಕೆಯಿಲ್ಲ.

"ಇನ್ನು ಬಾಯಿ ತೆಗಿ ಅನ್ನೋದೊಂದು ಬಾಕಿ" ಎಂದರು ಬೈಂಡರ್‌ನ ಹೆಂಡತಿ.

ಡಾಕ್ಟರು ನಕ್ಕರು. "ಇಷ್ಟು ಹಳೇ ಕಾರ್ಡಿಗೆ ಇಷ್ಟು ಚೂಪು ಮೂಲೆ ನಾನು ನೋಡೇ ಇಲ್ಲ, ಯಜಮಾನ್ರೇ."

ಚೀಲದಿಂದ ಅದೇ ಸರಣಿಯ ಇನ್ನೊಂದು ಕಾರ್ಡು ತೆಗೆದು ಅದರ ಮೇಲೆ ಗೋಲ್‌ಕೀಪರ್‌ನನ್ನು ಇಟ್ಟರು. ಸುತ್ತಲೂ ಕೂದಲೆಳೆಯಷ್ಟು ಚಿಕ್ಕದು.

"ಇದನ್ನ ಕತ್ತರಿಸಿದೀರಾ?"

ಬೈಂಡರ್ ಎದೆಯುಬ್ಬಿಸಿದರು. "ಮತ್ತೆ? ಅಂಚೆಲ್ಲ ಕಿತ್ತುಹೋಗಿತ್ತು ಡಾಕ್ಟ್ರೇ. ಪುಸ್ತಕ ಹೊಲಿದ್ಮೇಲೆ ಅಂಚು ಕೊಯ್ಯದೆ ಯಾರಿಗಾದ್ರೂ ಕೊಡ್ತೀವಾ? ಕಟಿಂಗ್ ಮೆಷಿನ್‌ಗೆ ಕೊಟ್ಟು ನಾಲ್ಕೇ ಏಟು. ನೂಲು ಹಿಡಿದ ಹಾಗೆ ಬಂತು!"

"ಕೊಯ್ದ ಕಾರ್ಡನ್ನ ಸಂಗ್ರಹಕ್ಕೆ ಯಾರೂ ತಗೊಳ್ಳಲ್ಲ. ಸವೆದಿದ್ರೂ ನಡಿಯತ್ತೆ, ಅಳತೆ ತಪ್ಪಬಾರದು."

ಬೈಂಡರ್‌ನ ಮುಖ ಇಳಿಯಿತು. "ಇದೇ ಆಟಗಾರನ ಕಾರ್ಡು ಇನ್ನೊಂದಿತ್ತು. ಮೂಲೆ ಪೂರ್ತಿ ಮೊಂಡು. ಕೊಯ್ದ್ರೂ ಚೆನ್ನಾಗಿ ಬರಲ್ಲ ಅಂತ ಬಿಟ್ಟೆ."

"ಅಂದ್ರೆ ಎರಡ್ರಲ್ಲಿ ಒಳ್ಳೇದನ್ನೇ ಹುಡುಕಿ ಕೊಯ್ದಿದೀರಿ" ಎಂದರು ಹೆಂಡತಿ.

"ಸುಮ್ನಿರೇ, ಮೊದ್ಲೇ ಹೊಟ್ಟೆ ಉರೀತಿದೆ."

"ಅದನ್ನ ತೋರ್ಸಿ" ಎಂದರು ಡಾಕ್ಟರು.

"ನಾಲ್ಕು ಜನಕ್ಕೆ ತೋರ್ಸೋ ಹಾಗಿಲ್ಲ ಡಾಕ್ಟ್ರೇ. ನನ್ನ ಮರ್ಯಾದೆ ಹೋಗತ್ತೆ."

"ನನ್ನ ಹತ್ರ ಬರೋ ಬಾಯಿಗಳನ್ನ ನೀವು ನೋಡಿಲ್ಲ. ತನ್ನಿ."

ಚೂರು ಕಾಗದ ತುಂಬಿದ್ದ ಖಾನೆಯ ತಳದಲ್ಲಿ ಅದು ಸಿಕ್ಕಿತು. ಬೈಂಡರ್ ಅಭ್ಯಾಸಬಲದಿಂದ ಅಂಗಿಯ ತೋಳಿನಿಂದ ಒರೆಸಲು ಹೋದರು. "ಅಯ್ಯೋ, ಮುಟ್ಬೇಡಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಡಾಕ್ಟರು ಮೊದಲಿನಂತೆಯೇ ಪರೀಕ್ಷಿಸಿದರು. ಒಂದು ಮೂಲೆ ಮೊಂಡು, ಹಿಂಬದಿಯಲ್ಲಿ ಹಳದಿ ಕಲೆ. ಮುಂಬದಿಯ ಹೊಳಪು ಹೋಗಿರಲಿಲ್ಲ. ಅಳತೆಯ ಕಾರ್ಡಿನ ಮೇಲೆ ಇಟ್ಟಾಗ ನಾಲ್ಕೂ ಅಂಚು ಕೂಡಿದವು.

"ಇದನ್ನ ತಗೋತೀನಿ. ಚೂಪು ಮೂಲೆಯ ಬೆಲೆ ಕೊಡೋಕಾಗಲ್ಲ" ಎಂದು ತಮ್ಮ ಬೆಲೆ ಹೇಳಿದರು.

ಬೈಂಡರ್ ಹೆಂಡತಿಯತ್ತ ತಿರುಗಿದರು. "ಇಷ್ಟಕ್ಕೆ ಹೊಸ ಮೆಷಿನ್ ಬರಲ್ಲ. ಯಾರಾದ್ರೂ ಬಳಸಿದ್ದು ಬರಬಹುದು."

"ಹಳೇದಾದ್ರೆ ಏನಂತೆ? ನಿಮ್ಮ ಜೊತೆ ಏಗ್ತಾ ಇಲ್ವಾ? ಕೊಟ್ಬಿಡಿ."

ಗುರುವಾರ ಮಧ್ಯಾಹ್ನ ಯಂತ್ರ ಬಂತು. ಹೆಂಡತಿ ಅದರಲ್ಲಿ ಮೊದಲು ಹೊಲಿದದ್ದು, ಬೆರಳು ಮಡಚಲಾಗದೆ ಬದಿಗಿಟ್ಟಿದ್ದ ಒಂದು ದಪ್ಪ ನಿಘಂಟು.